ಮನೆಯ ಕಸವೂ ಅದರ ಸದುಪಯೋಗವೂ

ಕಸವೆಂಬ ಮಾತಿಗೆ ನಮ್ಮ ಹಿರಿಯರ ಮನೆಗಳಲ್ಲಿದ್ದ ಅರ್ಥವು ಈಗಿನ ನಮ್ಮ ಮನೆಗಳಲ್ಲಿ ಉಳಿದಿಲ್ಲ. ಅವರು ಮುಂಜಾನೆ ಅಂಗಳ ಗುಡಿಸಿ ಕೂಡಹಾಕಿದ್ದು ಏನೆಂದು ವಿಚಾರಿಸಿದರೆ, ಸೆಗಣಿ, ಒಲೆಯ ಬೂದಿ, ಜೋಳದ ರವದಿ, ಕಾಯಿಪಲ್ಲೆಯ ಸಿಪ್ಪೆ, ಬೇವಿನ ಮರದಿಂದ ಉದುರಿದ ಎಲೆ, ಒಡೆದ ಗಡಿಗೆಯ ಬೋಕಿ ಇವೇ ಹೊರತು ಬೇರೇನೂ ಅಲ್ಲ. ಬೋಕಿಯನ್ನು ಬಿಟ್ಟರೆ ಮಿಕ್ಕವೆಲ್ಲವೂ ತಿಪ್ಪೆಗೆ ಹೋಗಿ, ಅಲ್ಲಿ ಕೊಳೆತು, ಮುಂಗಾರಿಗಿಂತ ಮುಂಚೆ ಗೊಬ್ಬರವಾಗಿ ಬಂಡಿಯಲ್ಲಿ ಹೊಲವನ್ನು ಸೇರುತ್ತಿದ್ದವು. ಬೋಕಿಯೂ ವ್ಯರ್ಥವಾಗುತ್ತಿರಲಿಲ್ಲ, ಅದರಲ್ಲಿ ಕೋಳಿಗಳಿಗೆ ನೀರಿಡುತ್ತಿದ್ದರು, ಇಲ್ಲವೆ ನೆರೆಮನೆಯಿಂದ ಕೆಂಡ ತರುತ್ತಿದ್ದರು. ಹೀಗೆ ಮನೆಯಿಂದ ಹೊರಗೆ ಹೋದದ್ದು ಒಂದು ವರುಷದ ಸುತ್ತು ಮುಗಿಸಿ ಕಾಳಾಗಿ ತಿರಿಗಿ ಮನೆಗೆ ಬರುತ್ತಿತ್ತು.

ಈಗಲೂ ನಾವು ಕಸವನ್ನು ಅದೇ ತಿಪ್ಪೆಗೆ ಹಾಕುತ್ತೇವೆ. ಆದರೆ ಸಿಪ್ಪೆ ಸೆಗಣಿಗಳ ಸಂಗಡ ಶಾಂಪೂವಿನ ಪಾಕೀಟು, ಗುಟ್ಕಾ ಚೀಟಿ, ಹಾಲಿನ ಚೀಲ, ನೀರಿನ ಸೀಸೆ, ಗುಳಿಗೆ ತೆಗೆದ ಹಾಳೆ, ತೀರಿದ ಸೆಲ್ಲು, ಒಡೆದ ಬಲ್ಬು ಇವೂ ಅಲ್ಲಿಗೆ ಹೋಗುವವು. ಕೈಯ ರೂಢಿಯು ಹಳೇದು, ಕೈಯಲ್ಲಿರುವ ವಸ್ತುವು ಹೊಸದು. ಕೆಡುಕು ಇಲ್ಲಿಯೇ ಹುಟ್ಟಿತು. ತಿಪ್ಪೆಯನ್ನು ಅಗೆದು ಹೊಲಕ್ಕೆ ಹೇರಿದಾಗ ಪ್ಲಾಸ್ಟಿಕಿನ ಚಿಂದಿಗಳೂ ಹೊಲವನ್ನು ಸೇರುವವು. ಅವು ಕೊಳೆಯುವವಲ್ಲ. ರಂಟೆಗೂ ಕುಂಟೆಗೂ ತೊಡಕಿಕೊಳ್ಳುವವು, ಎರೆಮಣ್ಣಿನಲ್ಲಿ ಹಾಳೆಯಂತೆ ಹರಡಿ ನೀರು ಇಳಿಯುವದನ್ನೂ ಬೇರು ಹೋಗುವದನ್ನೂ ತಡೆಯುವವು, ಬಿಸಿಲಿಗೆ ಪುಡಿಪುಡಿಯಾಗಿ ಆರಿಸಿ ತೆಗೆಯಲಾರದಂತೆ ಮಣ್ಣಿನಲ್ಲಿ ಬೆರೆಯುವವು. ತಂದೆಯು ಮಗನಿಗೆ ಬಿಟ್ಟುಹೋಗುವ ಎರಡೆಕರೆ ಹೊಲದಲ್ಲಿ ಇಂಥದೂ ಒಂದು ಪಾಲು ಇರುವದೆಂದರೆ ಅದು ಸಣ್ಣ ಮಾತಲ್ಲ.

ಹೊಲದ ಕೇಡು ನಿಧಾನವಾಗಿ ಕಾಣುವದು. ದನದ ಕೇಡು ಬೇಗನೆ ಕಾಣುವದು. ಉಳಿದ ಅನ್ನವನ್ನೂ ಕಾಯಿಪಲ್ಲೆಯ ಸಿಪ್ಪೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಕಟ್ಟಿ ಎಸೆಯುವ ವಾಡಿಕೆಯು ಪಟ್ಟಣದಿಂದ ಹಳ್ಳಿಗೂ ಬಂದಿದೆ. ದನವು ಮೇಕೆಯಂತೆ ತುಟಿಯಿಂದ ಆರಿಸಿ ತಿನ್ನುವ ಪ್ರಾಣಿಯಲ್ಲ. ಅದು ನಾಲಿಗೆಯಿಂದ ಸುತ್ತಿ ಎಳೆದುಕೊಂಡು, ಹೆಚ್ಚು ಅಗಿಯದೆ ನುಂಗಿ, ತರುವಾಯ ಮಲಗಿ ಮೆಲುಕು ಹಾಕುವದು. ಆದ್ದರಿಂದ ಅನ್ನದ ವಾಸನೆಗೆ ಬಂದ ಆಕಳು ಚೀಲವನ್ನೂ ಕೂಡಿಸಿಯೇ ನುಂಗುವದು. ಅದರ ಹೊಟ್ಟೆಗೆ ನಾಲ್ಕು ಕೋಣೆಗಳುಂಟು. ಮೊದಲನೆಯ ದೊಡ್ಡ ಕೋಣೆಯಿಂದ ಚೀಲವು ಮುಂದಕ್ಕೆ ಹೋಗಲಾರದು, ಹಿಂದಕ್ಕೆ ಮೆಲುಕಿಗೂ ಬರಲಾರದು. ಒಂದರ ಮೇಲೊಂದು ಕೂಡಿ ಗಂಟಾಗಿ ಕೋಣೆಯನ್ನು ತುಂಬುವವು. ಹೊಟ್ಟೆ ತುಂಬಿದಂತೆ ತೋರುವದರಿಂದ ಆಕಳು ಮೇವನ್ನು ಬಿಡುವದು, ಹಾಲು ಇಳಿಯುವದು, ಮೈ ಸೊರಗುವದು. ಪಶುವೈದ್ಯರು ಅಂಥ ದನಗಳ ಹೊಟ್ಟೆಯನ್ನು ಕೊಯ್ದು ಹತ್ತಾರು ಕಿಲೋ ತೂಕದ ಪ್ಲಾಸ್ಟಿಕ್ ತೆಗೆದದ್ದುಂಟು. ಮೊಳೆ, ತಂತಿ, ಸೂಜಿಗಳನ್ನು ನುಂಗಿದರೆ ಇನ್ನೂ ಕೆಟ್ಟದು. ಅವು ಎರಡನೆಯ ಕೋಣೆಯಲ್ಲಿ ಉಳಿಯುವವು. ಆ ಕೋಣೆಗೂ ಗುಂಡಿಗೆಗೂ ನಡುವೆ ತೆಳುವಾದ ಪರದೆಯೊಂದೇ ಇರುವದರಿಂದ ಮೊಳೆಯು ಚುಚ್ಚಿಕೊಂಡು ಗುಂಡಿಗೆಯ ಪೊರೆಯ ತನಕ ಹೋಗಬಹುದು. ಸಾಲ ಮಾಡಿ ತಂದ ಹೈನದ ಆಕಳು ರೋಗವೇನೆಂದು ತಿಳಿಯದೆ ಸತ್ತಾಗ ದೃಷ್ಟಿ ತಾಕಿತು, ಮಾಟವಾಯಿತು ಎಂದು ನೆರೆಯವರನ್ನು ಸಂಶಯಿಸುವವರು ಉಂಟು. ಅಂಥವರು ಮೊದಲು ತಮ್ಮ ಹಿತ್ತಲ ತಿಪ್ಪೆಯನ್ನು ನೋಡಿದರೆ ಒಳ್ಳೇದು.

ಹಾಗಾದರೆ ಪ್ಲಾಸ್ಟಿಕನ್ನು ಸುಟ್ಟುಬಿಡೋಣವೆಂದು ಅನೇಕರು ಹೇಳುವರು. ಹೇಳುವದು ಮಾತ್ರವಲ್ಲ, ಮಾಡಿಯೂ ಮಾಡುವರು. ನಮ್ಮ ಹಳ್ಳಿಗಳ ಬಹಳ ಮನೆಗಳಲ್ಲಿ ಸ್ನಾನದ ನೀರು ಕಾಯಿಸುವ ಹಂಡೆಯ ಒಲೆಗೆ ಬೆಳಿಗ್ಗೆ ಉರಿ ಹಚ್ಚುವದು ಪ್ಲಾಸ್ಟಿಕ್ ಚೀಲದಿಂದಲೇ. ಹಸಿ ಕಟ್ಟಿಗೆಯು ಬೇಗ ಹೊತ್ತುವದೆಂಬದು ಕಾರಣ. ಈ ಹೊಗೆಯು ಕಟ್ಟಿಗೆಯ ಹೊಗೆಯಂಥದಲ್ಲ. ಪಿ.ವಿ.ಸಿ. ಎಂಬ ಜಾತಿಯ ಪ್ಲಾಸ್ಟಿಕ್, ಅಂದರೆ ನೀರಿನ ಕೊಳವೆ, ವಿದ್ಯುತ್ ತಂತಿಯ ಮೇಲಿನ ಹೊದಿಕೆ ಮುಂತಾದದ್ದು, ಒಲೆಯಂಥ ಕಡಿಮೆ ಉರಿಯಲ್ಲಿ ಬೆಂದಾಗ ಡಯಾಕ್ಸಿನ್ ಎಂಬ ವಿಷವು ಹುಟ್ಟುವದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧಕರು ೧೯೯೭ರಲ್ಲಿ ಈ ಜಾತಿಯ ಅತ್ಯಂತ ಘೋರವಾದ ವಿಷವನ್ನು ಮನುಷ್ಯರಿಗೆ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದರು. ಅದು ಗಾಳಿಯಲ್ಲಿ ಹೋಗಿ ಹುಲ್ಲಿನ ಮೇಲೆ ಕೂಡ್ರುವದು, ಹುಲ್ಲಿನಿಂದ ದನಕ್ಕೆ, ದನದಿಂದ ಹಾಲಿನ ಕೊಬ್ಬಿಗೆ ಬರುವದು. ಒಲೆಯ ಮುಂದೆ ಕೂಡ್ರುವವರು ಯಾರು? ಹೆಂಗಸರು, ಚಳಿಗೆ ಬೆಂಕಿ ಕಾಸುವ ಮಕ್ಕಳು, ಕೆಮ್ಮಿನ ಮುದುಕರು. ಉರಿ ಹಚ್ಚುವದಕ್ಕೆ ತೆಂಗಿನ ಗರಿ, ಒಣಗಿದ ತೊಗರಿ ಕಟ್ಟಿಗೆ, ಗೋವಿನಜೋಳದ ದಿಂಡು, ತುಂಡು ಕುಳ್ಳು ಇವು ಸಾಲವೆಂಬವರು ನಮ್ಮ ಹಳ್ಳಿಗಳಲ್ಲಿ ಇರಲಾರರು. ಹಿಂದಿನ ರಾತ್ರಿಯೇ ಒಲೆಯ ಬದಿಯಲ್ಲಿ ಅವನ್ನು ಒಣಗಲಿಟ್ಟರೆ ಸಾಕು.

ಕಸವನ್ನು ಕಲಬೆರಕೆ ಮಾಡಿ ಒಂದೇ ಕಡೆ ಸುರಿದರೆ ಏನಾಗುವದೆಂಬದಕ್ಕೆ ನಮ್ಮ ರಾಜ್ಯದಲ್ಲಿಯೇ ದೊಡ್ಡ ದೃಷ್ಟಾಂತವಿದೆ. ಬೆಂಗಳೂರು ಪಟ್ಟಣದ ಕಸವನ್ನು ಲಾರಿಗಳಲ್ಲಿ ತುಂಬಿ ಸುತ್ತಲಿನ ಹಳ್ಳಿಗಳ ಬಳಿ ಸುರಿಯುತ್ತಿದ್ದರು. ಉತ್ತರಕ್ಕಿರುವ ಮಾವಳ್ಳಿಪುರವೂ ಪೂರ್ವಕ್ಕಿರುವ ಮಂಡೂರೂ ಅವುಗಳಲ್ಲಿ ಮುಖ್ಯವಾದವು. ಸಿಪ್ಪೆಯೂ ಪ್ಲಾಸ್ಟಿಕೂ ಔಷಧಿಯ ಸೀಸೆಯೂ ಒಂದೇ ಗುಡ್ಡವಾಗಿ ಕೂಡಿ ಕೊಳೆತಾಗ ಅದರಿಂದ ಕಪ್ಪು ನೀರು ಸೋರುವದು. ನೊಣಗಳೂ ದುರ್ವಾಸನೆಯೂ ಬೀದಿನಾಯಿಗಳೂ ಹೆಚ್ಚುವವು. ಬಾವಿ ಕೆರೆಗಳ ನೀರು ಕೆಟ್ಟಿತೆಂದು ಆ ಹಳ್ಳಿಗಳವರು ವರುಷಗಟ್ಟಲೆ ಮೊರೆಯಿಟ್ಟರು. ೨೦೧೨ರಲ್ಲಿ ಮಾವಳ್ಳಿಪುರದ ಸ್ಥಳವು ಮುಚ್ಚಿತು. ೨೦೧೪ರಲ್ಲಿ ಮಂಡೂರಿನವರು ರಸ್ತೆಗೆ ಇಳಿದು ಲಾರಿಗಳನ್ನು ತಡೆದ ಮೇಲೆ ಅಲ್ಲಿಯೂ ಕಸ ಸುರಿಯುವದು ಆ ವರುಷದ ಕೊನೆಗೆ ನಿಂತಿತು. ೨೦೧೫ರಲ್ಲಿ ಹೈಕೋರ್ಟು ಬೆಂಗಳೂರಿನ ಪ್ರತಿ ಮನೆಯವರೂ ಕಸವನ್ನು ಮನೆಯಲ್ಲಿಯೇ ಬೇರೆ ಬೇರೆ ಮಾಡಿ ಎರಡು ಡಬ್ಬಿ ಒಂದು ಚೀಲದಲ್ಲಿ ಇಡತಕ್ಕದ್ದೆಂದು ಅಪ್ಪಣೆ ಮಾಡಿತು. ಪಟ್ಟಣದವರು ಬೇರ್ಪಡಿಸದೆ ಬಿಟ್ಟದ್ದನ್ನು ಹಳ್ಳಿಯವರು ಮೂಗು ಮುಚ್ಚಿಕೊಂಡು ಅನುಭವಿಸಿದರು. ಇದನ್ನು ಓದಿ ಪಟ್ಟಣದವರನ್ನು ಬೈಯುವದು ಸುಲಭ. ನಮ್ಮ ಊರ ಹೊರಗಿನ ಹಳ್ಳದ ದಂಡೆಯು ಈಗ ಹೇಗೆ ಕಾಣುವದೆಂಬದನ್ನೂ ಒಮ್ಮೆ ಹೋಗಿ ನೋಡಬೇಕು.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳುವದು ಅಗತ್ಯ. ಕಸ ಮುಟ್ಟುವದೆಂದರೆ ನಮ್ಮ ಸಭೆಗಳಲ್ಲಿ ಹಲವರ ಮನಸ್ಸು ಹಿಂಜರಿಯುವದು. ಇದಕ್ಕೆ ಕಾರಣವುಂಟು. ಅವರ ಅಜ್ಜ ಅಜ್ಜಿಯರಿಂದ ಊರವರು ತಮ್ಮ ಹೊಲಸನ್ನು ಬಲವಂತದಿಂದ ಎತ್ತಿಸಿದರು, ಎತ್ತಿದವರನ್ನೇ ಹೊಲಸೆಂದು ಕರೆದರು. ತಲೆಯ ಮೇಲೆ ಮಲ ಹೊರುವ ಆ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ೧೯೭೦ರ ದಶಕದ ಆರಂಭದಲ್ಲಿ ನಿಷೇಧಿಸಿದರು. ದೇಶಕ್ಕೆಲ್ಲಾ ಅನ್ವಯಿಸುವ ಬಲವಾದ ಕಾನೂನು ೨೦೧೩ರಲ್ಲಿ ಆಯಿತು. ಅಂಥ ನೊಗದಿಂದ ಬಿಡುಗಡೆಯಾದ ಮನೆಯವರಿಗೆ ಕಸದ ಪಾಠ ಹೇಳುವಾಗ ನಾವು ಎಚ್ಚರಿಕೆಯಿಂದ ಮಾತಾಡತಕ್ಕದ್ದು. ಆದರೆ ಪರರ ಹೊಲಸನ್ನು ಬಲವಂತಕ್ಕೆ ಎತ್ತುವದು ಬೇರೆ, ನಮ್ಮ ಮನೆಯ ಕಸವನ್ನು ನಾವೇ ಸರಿಯಾಗಿ ಇಡುವದು ಬೇರೆ. ನಾವು ಕಲಬೆರಕೆ ಮಾಡಿ ಎಸೆದರೆ ಅದನ್ನು ಬರಿಗೈಯಿಂದ ಕೆದಕಿ ಬೇರೆ ಮಾಡುವವರು ಯಾರಾದರೂ ಬೇಕೇಬೇಕು. ಆ ಯಾರಾದರೂ ಎಂಬವರು ಇಂದಿಗೂ ಬಹುಮಟ್ಟಿಗೆ ಅದೇ ಬಡಕೇರಿಗಳ ಹೆಂಗಸರೂ ಮಕ್ಕಳೂ ಆಗಿದ್ದಾರೆ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತದೆ ಎಸೆದವನು ಅವರ ಕೈಯನ್ನು ಕೊಯ್ದವನೇ ಸರಿ.

ಬೇರ್ಪಡಿಸುವದಕ್ಕೆ ದೊಡ್ಡ ಸಾಮಗ್ರಿ ಬೇಡ. ಅಡಿಗೆಯ ಮನೆಯಲ್ಲಿ ಒಂದು ಮುಚ್ಚಳವಿರುವ ಹಳೇ ಬಕೀಟು ಇರಲಿ, ಕೊಳೆಯುವದೆಲ್ಲಾ ಅದಕ್ಕೆ. ಗೋಡೆಯ ಗೂಟಕ್ಕೆ ಒಂದು ಖಾಲಿ ಚೀಲ ತೂಗಹಾಕಿರಿ. ಕಾಗದ, ರಟ್ಟು, ಪ್ಲಾಸ್ಟಿಕು, ತಗಡು, ಚಿಂದಿ ಅದಕ್ಕೆ. ಮಕ್ಕಳ ಕೈಗೆಟುಕದ ಮಾಡದಲ್ಲಿ ಒಂದು ಡಬ್ಬಿ. ಸೆಲ್ಲು, ಬಲ್ಬು, ಬ್ಲೇಡು, ಸೂಜಿ, ಅವಧಿ ಮೀರಿದ ಗುಳಿಗೆ ಅದರಲ್ಲಿ. ಹೆಂಗಸರ ತಿಂಗಳ ಬಟ್ಟೆಯನ್ನೂ ಕೂಸಿನ ಡೈಪರನ್ನೂ ಕಾಗದದಲ್ಲಿ ಸುತ್ತಿ ಬೇರೆಯಾಗಿಡತಕ್ಕದ್ದು. ಇಷ್ಟೇ. ಹಾಲಿನ ಚೀಲವನ್ನು ಕತ್ತರಿಸುವಾಗ ಮೂಲೆಯನ್ನು ಪೂರಾ ಕಿತ್ತುಹಾಕದೆ ಅಂಟಿಕೊಂಡಿರುವಂತೆ ಬಿಟ್ಟರೆ ಆ ಸಣ್ಣ ಚೂರು ನೆಲಕ್ಕೆ ಬೀಳುವದಿಲ್ಲ. ಚೀಲವನ್ನು ತೊಳೆದು ಒಣಗಿಸಿದರೆ ವಾಸನೆ ಬಾರದು, ಇರುವೆ ಮುತ್ತದು.

ಕೊಳೆಯುವ ಕಸದ ವಿಷಯದಲ್ಲಿ ನಾವು ಸ್ವಲ್ಪ ದೀರ್ಘವಾಗಿ ಹೇಳಬೇಕಾಗಿದೆ, ಯಾಕಂದರೆ ಹಳ್ಳಿಯ ಮನೆಯ ಕಸದಲ್ಲಿ ಹೆಚ್ಚು ಪಾಲು ಅದೇ, ಮತ್ತು ಅದರ ಲಾಭವೂ ನೇರವಾಗಿ ನಮಗೇ ಬರುವದು. ಬಯಲಲ್ಲಿ ಗುಡ್ಡೆಯಾಗಿ ಬಿದ್ದ ತಿಪ್ಪೆಯು ಬಿಸಿಲಿಗೆ ಒಣಗಿ, ಮಳೆಗೆ ತೊಯ್ದು, ಅರ್ಧ ಸತ್ವವನ್ನು ಗಾಳಿಗೂ ಹಳ್ಳಕ್ಕೂ ಕೊಟ್ಟುಬಿಡುವದು. ಇದನ್ನು ಕಂಡು ಆಲ್ಬರ್ಟ್ ಹೊವಾರ್ಡ್ ಎಂಬ ಕೃಷಿಪಂಡಿತನು ೧೯೨೪ರಿಂದ ಇಂದೂರಿನಲ್ಲಿದ್ದು, ಹಿಂದೂ ದೇಶದ ಒಕ್ಕಲಿಗರ ರೂಢಿಗಳನ್ನೂ ಚೀನದವರ ರೂಢಿಗಳನ್ನೂ ವಿಚಾರಿಸಿ ಒಂದು ಕ್ರಮವನ್ನು ಏರ್ಪಡಿಸಿದನು. ಯಶವಂತ ವಾಡ್ ಎಂಬವರ ಸಂಗಡ ಅದನ್ನು ೧೯೩೧ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದನು. ಅದಕ್ಕೆ ಇಂದೂರು ಪದ್ಧತಿಯೆಂದು ಹೆಸರು. ೧೯೩೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರೆಂಬವರು ಇನ್ನೊಂದು ಕ್ರಮವನ್ನು ಕಂಡುಹಿಡಿದರು. ಅದು ಲೋಕದಲ್ಲೆಲ್ಲಾ ಬೆಂಗಳೂರು ಪದ್ಧತಿಯೆಂದೇ ಪ್ರಸಿದ್ಧವಾಯಿತು. ಈ ಎರಡರ ಭೇದವೇನಂದರೆ, ಇಂದೂರಿನ ಕ್ರಮದಲ್ಲಿ ಗುಡ್ಡೆಯನ್ನು ಆಗಾಗ ತಿರುವಿಹಾಕಿ ಗಾಳಿ ಕೊಡಬೇಕು, ಗೊಬ್ಬರವು ಮೂರು ನಾಲ್ಕು ತಿಂಗಳಲ್ಲಿ ಸಿದ್ಧವಾಗುವದು. ಬೆಂಗಳೂರಿನ ಕ್ರಮದಲ್ಲಿ ಗುಂಡಿ ತುಂಬಿ ಮಣ್ಣಿನಿಂದ ಮೆತ್ತಿ ಬಿಟ್ಟರಾಯಿತು, ತಿರುವುವ ಕೆಲಸವಿಲ್ಲ, ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು. ಕೂಲಿಗೆ ಹೋಗುವ ಮನೆಯವರಿಗೆ ಎರಡನೆಯದೇ ಅನುಕೂಲವೆಂದು ನಮ್ಮ ಅಭಿಪ್ರಾಯ. ಆಚಾರ್ಯರ ಕ್ರಮವು ಪಟ್ಟಣದ ಕಸದ ಸಂಗಡ ಮಲವನ್ನೂ ಸೇರಿಸುವದಕ್ಕಾಗಿ ಹುಟ್ಟಿತು. ನಾವು ಅದನ್ನು ಬಿಟ್ಟು ಸೆಗಣಿಯನ್ನೇ ಹಾಕತಕ್ಕದ್ದು. ಕಾರಣವನ್ನು ಮೇಲೆ ಹೇಳಿದ್ದೇವೆ, ರೋಗದ ಭಯವೂ ಉಂಟು.

ಗುಂಡಿಯು ಎತ್ತರದ ನೆಲದಲ್ಲಿ, ಸಾಧ್ಯವಾದರೆ ಮರದ ನೆರಳಿನಲ್ಲಿ, ಕುಡಿಯುವ ನೀರಿನ ಬಾವಿಯಿಂದ ೫೦ ಅಡಿಗಾದರೂ ದೂರದಲ್ಲಿ ಇರಬೇಕು. ಒಂದು ಮನೆಗೆ ೬ ಅಡಿ ಉದ್ದ, ೪ ಅಡಿ ಅಗಲ, ೩ ಅಡಿ ಆಳ ಸಾಕು; ಒಂದು ತುಂಬಿದ ಮೇಲೆ ಹಾಕುವದಕ್ಕೆ ಪಕ್ಕದಲ್ಲಿ ಇನ್ನೊಂದು ಬೇಕು. ತಳದಲ್ಲಿ ತೊಗರಿ ಕಟ್ಟಿಗೆಯನ್ನೋ ಹತ್ತಿಯ ಕಟ್ಟಿಗೆಯನ್ನೋ ಮುರಿದು ಹರಡಿರಿ. ಅದರ ಮೇಲೆ ಅರ್ಧ ಅಡಿ ಕಸ, ಕಸದ ಮೇಲೆ ಎರಡು ಬೆರಳು ದಪ್ಪ ಸೆಗಣಿಯ ರಾಡಿ, ಅದರ ಮೇಲೆ ತೆಳುವಾಗಿ ಮಣ್ಣು. ಹೀಗೆ ಪದರು ಪದರಾಗಿ ನೆಲದ ಮಟ್ಟಕ್ಕಿಂತ ಒಂದಡಿ ಮೇಲೆ ಬರುವ ತನಕ ತುಂಬಿ, ಮಣ್ಣು ಸೆಗಣಿ ಕಲಿಸಿ ಮೆತ್ತಿಬಿಡಿರಿ. ಕೆಲವು ದಿನಗಳಲ್ಲಿ ಒಳಗೆ ಬಿಸಿ ಏರುವದು. ಕಬ್ಬಿಣದ ಸರಳನ್ನು ಚುಚ್ಚಿ ತೆಗೆದು ಮುಟ್ಟಿದರೆ ತಿಳಿಯುವದು. ಆ ಬಿಸಿಗೆ ಕಸದ ಬೀಜಗಳೂ ನೊಣದ ಹುಳಗಳೂ ಸಾಯುವವು. ಕಸವು ಎಷ್ಟು ಹಸಿಯಾಗಿರಬೇಕೆಂದರೆ, ಮುಷ್ಟಿಯಲ್ಲಿ ಹಿಂಡಿದಾಗ ಹಿಂಡಿ ಒಣಹಾಕಿದ ಬಟ್ಟೆಯಷ್ಟು ತೇವವಿರಬೇಕು, ನೀರು ತೊಟ್ಟಿಕ್ಕಬಾರದು. ನಾತ ಬಂದರೆ ನೀರು ಹೆಚ್ಚಾಯಿತೆಂದು ತಿಳಿದು ಒಣ ಎಲೆ ರವದಿ ಸೇರಿಸಿರಿ. ಒಲೆಯ ಬೂದಿಯು ಒಳ್ಳೇದೆಂದು ಬುಟ್ಟಿಗಟ್ಟಲೆ ಸುರಿಯುವವರು ಕೆಡಿಸುವರು. ಬೂದಿಯ ಖಾರಕ್ಕೆ ಗೊಬ್ಬರದ ಸತ್ವವು ಹಬೆಯಾಗಿ ಹಾರಿಹೋಗುವದು. ಬೂದಿಯನ್ನು ಹಿಡಿಹಿಡಿಯಾಗಿ ಮಾತ್ರ ಚೆಲ್ಲತಕ್ಕದ್ದು, ಪ್ಲಾಸ್ಟಿಕ್ ಸುಟ್ಟ ಬೂದಿಯನ್ನು ಎಷ್ಟುಮಾತ್ರಕ್ಕೂ ಹಾಕಬಾರದು. ಬಚ್ಚಲ ನೀರನ್ನು ಬೀದಿಗೆ ಬಿಡದೆ ಬಾಳೆಗೂ ಕೆಸವಿಗೂ ಹರಿಸಿದರೆ ಸೊಳ್ಳೆಯೂ ಕಡಿಮೆಯಾಗುವದು.

ಈ ಕೆಲಸವೆಲ್ಲಾ ಯಾರದು? ಕಸವೆಂದೊಡನೆ ಹೆಂಗಸರ ಕಡೆಗೆ ಬೆರಳು ತೋರಿಸುವ ಗಂಡಸರಿಗೆ ನಾವು ಹೇಳುವದೇನಂದರೆ, ಗುಂಡಿ ತೋಡುವದು, ಪದರು ಹಾಕುವದು, ಗೊಬ್ಬರ ಹೇರುವದು ಒಕ್ಕಲುತನದ ಕೆಲಸವೇ ಆಗಿದೆ. ನೀರು ತರುವ, ರೊಟ್ಟಿ ಬಡಿಯುವ, ಕಳೆ ತೆಗೆಯುವ ಕೈಗೆ ಇದನ್ನೂ ಹೊರಿಸಿದರೆ ಪಾಠವು ಒಂದೇ ವಾರದಲ್ಲಿ ಮರೆತುಹೋಗುವದು.

ಇನ್ನು ತಿರಿಗಿ ಬಳಸುವ ವಿಷಯ. ಇದರಲ್ಲಿ ನಮ್ಮ ಮನೆಗಳ ಮುದುಕಿಯರಿಗೆ ನಾವು ಕಲಿಸತಕ್ಕದ್ದು ಸ್ವಲ್ಪ, ಅವರಿಂದ ಕಲಿಯತಕ್ಕದ್ದು ಬಹಳ. ಹರಿದ ಸೀರೆ ಧೋತರಗಳನ್ನು ಪದರಿಟ್ಟು, ಮೇಲೆ ಬಣ್ಣದ ತುಂಡುಗಳನ್ನು ಹಚ್ಚಿ, ಸಣ್ಣ ಹೊಲಿಗೆಯಿಂದ ಒತ್ತೊತ್ತಾಗಿ ಹೊಲಿದ ಕೌದಿಯನ್ನು ಹೊದ್ದು ಮಲಗದವರು ಯಾರು? ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಜನಾಂಗದ ಹೆಂಗಸರು ಹೊಲಿದ ಕೌದಿಗಳನ್ನು ಅಮೇರಿಕಾ ದೇಶದವರು ಕೊಂಡೊಯ್ದು ೨೦೧೧ರಲ್ಲಿ ನ್ಯೂಯಾರ್ಕ್ ಪಟ್ಟಣದಲ್ಲಿ ಪ್ರದರ್ಶನಕ್ಕಿಟ್ಟರು. ನಾವಾದರೋ ಅಂಗಡಿಯ ನೂಲಿಲ್ಲದ ಜಾರುವ ಹೊದಿಕೆಯನ್ನು ಕೊಂಡು, ಅಜ್ಜಿಯ ಕೌದಿಯನ್ನು ಎತ್ತಿನ ಮೈಗೆ ಹೊದಿಸುತ್ತೇವೆ. ಆದರೆ ಕೌದಿಗೆ ಹತ್ತಿಯ ಬಟ್ಟೆಯೇ ಬೇಕು. ಈಗಿನ ಪಾಲಿಯೆಸ್ಟರ್ ಸೀರೆಯು ಬೆವರನ್ನು ಹೀರುವದಿಲ್ಲ. ಅಂಥ ಸೀರೆಗಳನ್ನು ಕತ್ತರಿಸಿ ಹುರಿಮಾಡಿ ಮಂಚಕ್ಕೆ ನೇಯಬಹುದು, ಸಂತೆಗೆ ಒಯ್ಯುವ ಕೈಚೀಲ ಹೊಲಿಯಬಹುದು, ಕೋಳಿಗಳು ಕೆದರದಂತೆ ಸೊಪ್ಪಿನ ಮಡಿಗೆ ಬೇಲಿಯಾಗಿ ಕಟ್ಟಬಹುದು. ಹತ್ತಿಯ ಸಣ್ಣ ಚಿಂದಿಯು ಮಸಿಬಟ್ಟೆಗೆ ಸಾಕು. ಡಬ್ಬಿ ಬರಣಿಗಳ ಉಪಯೋಗವನ್ನು ಹೇಳಬೇಕಾದದ್ದಿಲ್ಲ. ಬಿಸ್ಕೀಟಿನ ಡಬ್ಬಿಯಲ್ಲಿ ಸೂಜಿ ದಾರವಿಲ್ಲದ ಮನೆಯನ್ನು ನಾವು ಕಂಡಿಲ್ಲ.

ಪ್ರಿಯ ವಾಚಕರೇ, ಇಲ್ಲಿ ಒಂದು ಅಪಾಯವುಂಟು, ಅದಕ್ಕೆ ಚೆನ್ನಾಗಿ ಗಮನ ಕೊಡಿರಿ. ಎಲ್ಲಾ ಖಾಲಿ ಡಬ್ಬಿಗಳೂ ತಿರಿಗಿ ಬಳಸತಕ್ಕವುಗಳಲ್ಲ. ಹತ್ತಿಗೂ ಮೆಣಸಿನಕಾಯಿಗೂ ಹೊಡೆಯುವ ಕ್ರಿಮಿನಾಶಕದ ಡಬ್ಬಿಯು ಗಟ್ಟಿಯಾಗಿದೆ, ಮುಚ್ಚಳ ಬಿಗಿಯಾಗಿದೆ ಎಂದು ಅದರಲ್ಲಿ ಹೊಲಕ್ಕೆ ಕುಡಿಯುವ ನೀರು ಒಯ್ಯುವವರಿದ್ದಾರೆ, ಎಣ್ಣೆ ತುಂಬುವವರಿದ್ದಾರೆ. ಎಷ್ಟು ಸಾರಿ ತೊಳೆದರೂ ಆ ವಿಷವು ಡಬ್ಬಿಯ ಮೈಯಲ್ಲಿ ಉಳಿಯುವದು. ಔಷಧಿ ತೀರಿದೊಡನೆ ಮೂರು ಸಾರಿ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಿಸುವ ಪಂಪಿಗೇ ಸುರಿದು, ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಮಾಡಿಬಿಡತಕ್ಕದ್ದು. ತೂತಾದ ಡಬ್ಬಿಯನ್ನು ಯಾರೂ ಮನೆಗೆ ಒಯ್ಯುವದಿಲ್ಲ. ಅದನ್ನು ಬಾವಿಯ ದಂಡೆಯಲ್ಲಿ ತೊಳೆಯಲೂ ಬಾರದು. ಇದಕ್ಕಿಂತ ಹೆಚ್ಚಾಗಿ ನಡೆಯುವ ಅನಾಹುತವು ಇನ್ನೊಂದು. ತಂಪು ಪಾನೀಯದ ಖಾಲಿ ಸೀಸೆಯಲ್ಲಿ ಫಿನೈಲನ್ನೋ ಸೀಮೆ ಎಣ್ಣೆಯನ್ನೋ ಕಳೆನಾಶಕವನ್ನೋ ತುಂಬಿ ಕೆಳಗಿನ ಗೂಡಿನಲ್ಲಿಡುವರು. ಕೂಸಿಗೆ ಸೀಸೆಯ ಗುರುತಿದೆ, ಒಳಗಿನ ಪದಾರ್ಥದ ಗುರುತಿಲ್ಲ. ಬಾಯಾರಿ ಬಂದ ಮಗುವು ಅದನ್ನು ಎತ್ತಿ ಕುಡಿಯುವದು. ಕೆಲವು ಕಳೆನಾಶಕಗಳಿಗೆ ಮದ್ದೇ ಇರುವದಿಲ್ಲ. ಆದ್ದರಿಂದ ಕುಡಿಯುವ ಸೀಸೆಯಲ್ಲಿ ಕುಡಿಯುವದನ್ನೇ ತುಂಬಿರಿ, ವಿಷವನ್ನು ಅದರ ಸ್ವಂತ ಡಬ್ಬಿಯಲ್ಲಿಯೇ ಬಿಡಿರಿ. ಬಜ್ಜಿ ಮಿರ್ಚಿಯನ್ನು ಸುದ್ದಿಪತ್ರಿಕೆಯ ಹಾಳೆಯಲ್ಲಿ ಸುತ್ತುವದೂ ಒಳ್ಳೇದಲ್ಲ, ಯಾಕಂದರೆ ಬಿಸಿ ಎಣ್ಣೆಗೆ ಮುದ್ರಣದ ಮಸಿಯು ಬಿಡುವದು. ಸರಕಾರದ ಆಹಾರ ಸುರಕ್ಷತಾ ಸಂಸ್ಥೆಯವರು ೨೦೧೬ರಲ್ಲಿಯೂ ೨೦೨೩ರಲ್ಲಿಯೂ ಈ ವಿಷಯವಾಗಿ ಎಚ್ಚರಿಸಿದರು.

ಮನೆಯಲ್ಲಿ ಉಪಯೋಗವಿಲ್ಲದ ಒಣ ಕಸವನ್ನು ಕೊಂಡುಕೊಳ್ಳುವವನು ಗುಜರಿಯವನು. ಹುಬ್ಬಳ್ಳಿ ಧಾರವಾಡದ ಕಡೆ ಮೋಡ್ಕಾದವನೆಂದು ಕರೆಯುವರು. ಸೈಕಲ್ಲಿನ ಮೇಲೋ ತಳ್ಳುವ ಗಾಡಿಯ ಮೇಲೋ ಕೂಗುತ್ತಾ ಬರುವ ಈತನನ್ನು ತಾತ್ಸಾರ ಮಾಡಬಾರದು. ಲೋಹಕ್ಕೂ ಕಾಗದಕ್ಕೂ ಈತನೇ ಎರಡನೆಯ ಜನ್ಮ ಕೊಡಿಸುವವನು. ಅಲ್ಯುಮಿನಿಯಂ ಪಾತ್ರೆಯನ್ನು ಕರಗಿಸಿ ಹೊಸದು ಮಾಡುವದಕ್ಕೆ, ಗಣಿಯ ಅದಿರಿನಿಂದ ಮಾಡುವದಕ್ಕೆ ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ೫ ಪಾಲು ಸಾಕು. ಗಾಜು ಕಬ್ಬಿಣಗಳನ್ನು ಎಷ್ಟು ಸಾರಿಯಾದರೂ ಕರಗಿಸಬಹುದು. ಕಾಗದವಾದರೋ ಪ್ರತಿ ಸಾರಿಯೂ ಅದರ ನಾರು ಗಿಡ್ಡವಾಗುವದರಿಂದ ಐದಾರು ಸಾರಿಯ ಮೇಲೆ ಬಾಳದು. ಪ್ಲಾಸ್ಟಿಕಿನಲ್ಲಿ ಜಾತಿಗಳಿವೆ; ಡಬ್ಬಿಯ ತಳದಲ್ಲಿ ಮೂರು ಬಾಣಗಳ ನಡುವೆ ೧ರಿಂದ ೭ರ ತನಕ ಒಂದು ಅಂಕೆ ಕೆತ್ತಿರುವದು. ನೀರಿನ ಸೀಸೆಯು ೧, ಶಾಂಪೂ ಎಣ್ಣೆಗಳ ಗಟ್ಟಿ ಡಬ್ಬಿಯು ೨, ಬಕೀಟು ಮುಂತಾದದ್ದು ೫. ಇವುಗಳಿಗೆ ಬೆಲೆಯುಂಟು. ಎಲ್ಲವನ್ನೂ ತೊಳೆದು ಒಣಗಿಸಿ ಬೇರೆ ಬೇರೆ ಕಟ್ಟಿಟ್ಟವರಿಗೆ ಹೆಚ್ಚು ಸಿಕ್ಕುವದು; ಮಣ್ಣು ಮೆತ್ತಿದ ಕಲಬೆರಕೆಗೆ ಆತನು ಕೈ ಆಡಿಸಿ ಹೇಳಿದ್ದೇ ಬೆಲೆ. ತೂಕದ ತಕ್ಕಡಿಯ ಮೇಲೂ ಒಂದು ಕಣ್ಣಿರಲಿ.

ಹೆಂಗಸರು ತಲೆ ಬಾಚುವಾಗ ಉದುರುವ ಕೂದಲನ್ನೂ ಕೊಳ್ಳುವವರುಂಟೆಂಬದು ಎಲ್ಲರಿಗೂ ತಿಳಿದದ್ದೇ. ಅವರು ಕೂದಲಿಗೆ ಬದಲಾಗಿ ಪಾತ್ರೆ, ಪಿನ್ನು, ಬಾಚಣಿಗೆಗಳನ್ನು ಕೊಟ್ಟುಹೋಗುವರು. ಅದು ಹೋಗುವದೆಲ್ಲಿಗೆ? ಕೊಪ್ಪಳದ ಬಳಿಯ ಭಾಗ್ಯನಗರದಲ್ಲಿ ಅಂಥ ಕೂದಲನ್ನು ಸಿಕ್ಕು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ಜೋಡಿಸುವ ಉದ್ಯೋಗವು ದೊಡ್ಡದಾಗಿ ನಡೆಯುವದು. ಅನೇಕ ಬಡ ಹೆಂಗಸರು ಅದರಿಂದ ಹೊಟ್ಟೆ ಹೊರೆಯುವರು. ಅಲ್ಲಿಂದ ಆ ಕೂದಲು ಹೊರದೇಶಗಳಿಗೆ ಹೋಗಿ ತಲೆಯ ಟೋಪನ್ನುಗಳಾಗುವದು. ಗೋಡೆಯ ಸಂದಿಯಲ್ಲಿ ತುರುಕಿದ ಕೂದಲಿಗೇ ಇಷ್ಟು ಬೆಲೆಯಿರುವಾಗ ನಾವು ಕಸವೆಂದು ಕರೆಯುವದರಲ್ಲಿ ಇನ್ನೆಷ್ಟು ಇರಲಿಕ್ಕಿಲ್ಲ!

ಆದರೆ ಗುಜರಿಯವನೂ ಮುಟ್ಟದ ಒಂದು ಜಾತಿಯುಂಟು. ಚಿಪ್ಸು, ಗುಟ್ಕಾ, ಶಾಂಪೂ, ಕಾಫಿ ಪುಡಿಗಳ ಮಿರುಗುವ ಪಾಕೀಟುಗಳೇ ಅವು. ಪ್ಲಾಸ್ಟಿಕಿನ ಪದರುಗಳ ನಡುವೆ ಲೋಹದ ಲೇಪವನ್ನು ಅಂಟಿಸಿರುವದರಿಂದ ಅವುಗಳನ್ನು ಬಿಡಿಸಿ ಕರಗಿಸುವದು ಲಾಭಕರವಲ್ಲ. ಅವುಗಳಲ್ಲಿ ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಹೋಗುವಷ್ಟು ಹೋಗುವವು, ಉಳಿದವು ನಮ್ಮ ಹಳ್ಳಕ್ಕೆ ಬೀಳುವವು. ಇದಕ್ಕೆ ಮನೆಯಲ್ಲಿ ಮಾಡತಕ್ಕ ಉಪಾಯವು ಕೊಳ್ಳದಿರುವದೇ. ತಿಂಗಳಿಗೆ ಇಪ್ಪತ್ತು ಶಾಂಪೂ ಪಾಕೀಟು ಕೊಳ್ಳುವ ಮನೆಯವರು ಸೀಗೆಕಾಯಿಗೆ ತಿರುಗಲಾರದಿದ್ದರೆ ಒಂದು ದೊಡ್ಡ ಡಬ್ಬಿಯನ್ನಾದರೂ ಕೊಳ್ಳಲಿ. ಆ ಡಬ್ಬಿಗೆ ಗುಜರಿಯಲ್ಲಿ ಬೆಲೆಯುಂಟು. ಕೂಲಿಯ ಹಣವು ದಿನದಿನಕ್ಕೆ ಬರುವದು, ದೊಡ್ಡ ಡಬ್ಬಿಗೆ ಒಮ್ಮೆಲೇ ಹಣವೆಲ್ಲಿಯದು ಎಂದು ಕೇಳುವವರ ಮಾತು ನ್ಯಾಯವಾದದ್ದೇ. ಸ್ವಸಹಾಯ ಸಂಘದ ಹೆಂಗಸರು ನಾಲ್ಕು ಮನೆಯವರು ಕೂಡಿ ಒಂದು ಕೊಂಡು ಹಂಚಿಕೊಂಡರೆ ಈ ಕಷ್ಟವು ನೀಗುವದು. ಸಂತೆಗೆ ಕೈಚೀಲ ಒಯ್ಯುವದಕ್ಕೆ ಹಣ ಬೇಡ, ನೆನಪೊಂದೇ ಬೇಕು.

ಉಳಿದ ಪಾಕೀಟುಗಳನ್ನು ಪಂಚಾಯಿತಿಯ ಗಾಡಿಗೆ ಕೊಡತಕ್ಕದ್ದು. ನಮ್ಮ ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ವಾಹಿನಿಯೆಂಬ ಗಾಡಿಗಳು ಮನೆಮನೆಗೆ ಬರುವವು, ಎಷ್ಟೋ ಕಡೆಗಳಲ್ಲಿ ಹೆಂಗಸರೇ ಅವನ್ನು ನಡಿಸುವರು. ಉಡುಪಿ ಜಿಲ್ಲೆಯ ವಂಡ್ಸೆ ಎಂಬ ಹಳ್ಳಿಯ ಪಂಚಾಯಿತಿಯವರು ಮನೆಮನೆಯ ಕಸವನ್ನು ತಂದು ಬೇರ್ಪಡಿಸಿ ಮಾರುವ ಕೆಲಸವನ್ನು ಬೇರೆ ಊರವರು ಬಂದು ನೋಡಿ ಕಲಿಯುವಷ್ಟು ಚೆನ್ನಾಗಿ ಮಾಡಿದರು. ಅದೇ ಜಿಲ್ಲೆಯ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣ ಕಸವನ್ನು ಒಂದೇ ಕಡೆ ಕೂಡಿಸಿ ಜಾತಿಜಾತಿಯಾಗಿ ವಿಂಗಡಿಸುವ ಕೇಂದ್ರವು ಏರ್ಪಟ್ಟಿತು. ಗಾಡಿ ಬಾರದ ಊರುಗಳಲ್ಲಿ ಗ್ರಾಮಸಭೆ ಕೂಡಿದಾಗ ಎದ್ದು ನಿಂತು ಕೇಳಿರಿ. ಹಿಂದಿನ ಸಾಲಿನಲ್ಲಿ ಕೂತು ಬರುವ ರೂಢಿಯನ್ನು ಈ ವಿಷಯದಲ್ಲಾದರೂ ಬಿಡಬೇಕು.

ಕೊನೆಯದಾಗಿ ನಮ್ಮ ಸಭೆಗಳ ಊಟದ ವಿಷಯ. ಸುಗ್ಗಿಯ ಸ್ತೋತ್ರದ ಹಬ್ಬ, ಮದುವೆ, ಕ್ರಿಸ್ಮಸ್ ಇವು ಬಂದಾಗ ಒಂದೇ ದಿವಸದಲ್ಲಿ ಊರೆಲ್ಲಾ ಒಂದು ತಿಂಗಳಲ್ಲಿ ಮಾಡದಷ್ಟ ಕಸವನ್ನು ನಾವು ಮಾಡುತ್ತೇವೆ. ಐದು ಸಾವಿರ ಜನರು ಉಂಡ ತರುವಾಯ ತುಂಡುಗಳನ್ನು ಹನ್ನೆರಡು ಪುಟ್ಟಿ ಕೂಡಿಸಿದ ವೃತ್ತಾಂತವನ್ನು ಬೆಳಿಗ್ಗೆ ಓದಿ, ಮಧ್ಯಾಹ್ನ ದೇವಾಲಯದ ಹಿಂದುಗಡೆ ಅನ್ನ ಮೆತ್ತಿದ ತಟ್ಟೆಗಳ ರಾಶಿಯನ್ನು ಹಾಕುವದು ನಮಗೆ ಶೋಭಿಸದು. ಥರ್ಮಾಕೋಲಿನ ಅಲಂಕಾರವನ್ನೂ ಪ್ಲಾಸ್ಟಿಕಿನ ತಟ್ಟೆ ಲೋಟ ಚಮಚೆಗಳನ್ನೂ ಸರಕಾರದವರು ೨೦೨೨ರ ಜುಲೈ ೧ರಿಂದ ದೇಶದಲ್ಲೆಲ್ಲಾ ನಿಷೇಧಿಸಿದರು. ಅವುಗಳ ಬದಲಿಗೆ ಬಂದ ಮಿರುಗುವ ಕಾಗದದ ತಟ್ಟೆಯ ಮೇಲೂ ಎಷ್ಟೋ ಸಾರಿ ಪ್ಲಾಸ್ಟಿಕಿನ ತೆಳು ಪೊರೆಯಿರುವದು. ಹರಿದು ನೋಡಿದರೆ ತಿಳಿಯುವದು. ಮುತ್ತುಗದ ಎಲೆಯ ಪತ್ರಾವಳಿಯೂ ಬಾಳೆಯೆಲೆಯೂ ಉಂಡ ಮೇಲೆ ನೇರವಾಗಿ ಗುಂಡಿಗೆ ಹೋಗುವವು. ಇವುಗಳಿಗಿಂತ ಉತ್ತಮವಾದದ್ದು, ಸಭೆಯವರು ವಂತಿಗೆ ಕೂಡಿಸಿ ಇನ್ನೂರು ಸ್ಟೀಲಿನ ತಾಟುಗಳನ್ನೂ ಅಷ್ಟೇ ಲೋಟಗಳನ್ನೂ ಒಂದು ಸಾರಿ ಕೊಂಡು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವದು. ಮದುವೆಯ ಮನೆಯವರಿಗೆ ಸ್ವಲ್ಪ ಬಾಡಿಗೆಗೆ ಕೊಟ್ಟರೆ ಕಳೆದುಹೋದವುಗಳ ಬದಲು ಹೊಸದನ್ನು ಕೊಳ್ಳುವದಕ್ಕೆ ಹಣವಾಗುವದು. ಕೊಡುವಾಗಲೂ ತಿರಿಗಿ ತಕ್ಕೊಳ್ಳುವಾಗಲೂ ಎಣಿಸಿ ಪುಸ್ತಕದಲ್ಲಿ ಬರೆಯುವದಕ್ಕೆ ಒಬ್ಬ ಹಿರಿಯನನ್ನು ನೇಮಿಸಿರಿ. ಉಂಡವರು ತಮ್ಮ ತಾಟಿನ ಎಂಜಲನ್ನು ಒಂದು ಬುಟ್ಟಿಗೆ ಕೊಡವಿ, ತಾವೇ ಬೂದಿ ಹಚ್ಚಿ ತೊಳೆದು, ಬಿಸಿಲಿಗೆ ಬೋರಲು ಹಾಕಿ ಹೋಗಲಿ. ಉಪದೇಶಿಯೂ ಹಿರಿಯರೂ ಮೊದಲು ತೊಳೆಯಲಿ.